ನೀರುಗಂಟಿಗೆ ಕುರಿತಲೆ ಕೊಡದ ಬುರುಲ್ಚಾ

ತಲಾಸ್ ಕಣಿವೆಯ ನಮ್ಮೂರಲ್ಲಿ ಔತಣದ ಕುರಿತಲೆ ಹಿರಿಯರಿಗೆ ಸಲ್ಲಬೇಕು. ಆದರೆ ಬಹಳ ವರ್ಷಗಳಿಂದ ಅದು ನೀರುಗಂಟಿ ಕಿದಿರಾಲಿಯ ತಟ್ಟೆಗೆ ಹೋಗುತ್ತಿತ್ತು. ಅವನು ಕೇಳಿದ್ದಿಲ್ಲ, ನಾವೇ ಕೊಡುತ್ತಿದ್ದೆವು. ಕಾಲುವೆಯ ತೂಬು ಅವನ ಕೈಯಲ್ಲಿತ್ತು. ಯಾರ ಹೊಲಕ್ಕೆ ಯಾವಾಗ ನೀರು ಎಂಬುದು ಅವನ ಮನಸ್ಸಿನಲ್ಲಿತ್ತು.

ನನ್ನ ನೆರೆಯವಳು ಬುರುಲ್ಚಾ, ಗಂಡ ಸತ್ತ ಮೇಲೆ ಬೀನ್ಸ್ ಬೆಳೆದೇ ಮಗಳನ್ನು ಸಾಕಿದವಳು. ಆ ಮಗಳ ಮದುವೆಯಲ್ಲಿ ಕುರಿತಲೆಯನ್ನು ತಂದು ಊರಿಗೇ ಹಿರಿಯರಾದ ಇಸ್ಕಾಕ್ ತಾತನ ಮುಂದಿಟ್ಟುಬಿಟ್ಟಳು.

"ಏನೇ ಹುಡುಗಿ, ಹೊಲ ಒಣಗಿಸ್ಕೋಬೇಕು ಅಂತಿದ್ದೀಯಾ?" ಎಂದು ಪಿಸುಗುಟ್ಟುತ್ತಲೇ ತಾತ ಅದರ ಕಿವಿ ಕೊಯ್ದು ಮೊಮ್ಮಕ್ಕಳಿಗೆ ಹಂಚಿದರು.

ಬೀನ್ಸ್ ಹೂ ಬಿಟ್ಟ ಸಮಯ ಅದು. ಕಿದಿರಾಲಿಯ ಕುದುರೆ ಕಂಡರೆ ಸಾಕು, ಬುರುಲ್ಚಾ ಬಾಗಿಲ ಹಿಂದೆ ಸರಿಯುವಳು. ಕೊನೆಗೆ ನೀರು ಬಂತು, ಎಂದಿನಂತೆ. ಅವನಿಗೆ ಸಿಟ್ಟೇ ಬಂದಿರಲಿಲ್ಲ.

"ಸದ್ಯ, ಬದುಕಿಕೊಂಡೆ ಕಣೇ" ಎಂದೆ ನಾನು.

ಅವಳು ಗುದ್ದಲಿ ಊರಿ ನಿಂತಳು. "ಅವನೇನೂ ಮಾಡ್ಲಿಲ್ಲ ಅಕ್ಕಾ. ಮತ್ತೆ ನಾನ್ಯಾಕೆ ಇಷ್ಟು ದಿನ ಹೆದರ್ಕೊಂಡಿದ್ದೆ?"

ಕಾಲುವೆಯ ಹೂಳೆತ್ತಲು ಊರೆಲ್ಲ ಸೇರಿದಾಗ ಎಲ್ಲರೆದುರೇ ಹೇಳಿದಳು: "ನೀರಿನ ಸರದಿ ನಾವೆಲ್ಲ ಸೇರಿ ಗೊತ್ತು ಮಾಡೋಣ."

ಕಿದಿರಾಲಿಯ ಮುಖ ಸಣ್ಣಗಾಯಿತು. "ನಾನೇನಾದ್ರೂ ಮೋಸ ಮಾಡಿದ್ನಾ ಅಕ್ಕಾ?"

"ಇಲ್ಲ ತಮ್ಮಾ, ನೀನು ಒಳ್ಳೆಯವನೇ. ನಾಳೆ ನಿನ್ನ ಮನಸ್ಸು ತಿರುಗಿದ್ರೆ ನಾನು ಯಾರನ್ನ ಕೇಳ್ಲಿ?"

ಊರ ಶಾಲೆಯ ಎಸೆನ್ ಮೇಷ್ಟ್ರು ತಲೆದೂಗಿದರು. "ಒಬ್ಬ ತತ್ವಜ್ಞಾನಿ ಇದನ್ನೇ ಅಂದಿದ್ದಾರೆ. ಇವತ್ತು ಯಾರೂ ತಡೀಲಿಲ್ಲ ಅನ್ನೋದು ಸ್ವಾತಂತ್ರ್ಯ ಅಲ್ಲ. ಮನಸ್ಸು ಬಂದ ಹಾಗೆ ತಡೆಯೋ ಶಕ್ತಿ ಯಾರ ಕೈಲೂ ಇರಬಾರದು, ಅದು ಸ್ವಾತಂತ್ರ್ಯ."

"ಆ ಪುಣ್ಯಾತ್ಮನಿಗೂ ಬೀನ್ಸ್ ಹೊಲ ಇತ್ತೇನಪ್ಪಾ?" ಎಂದರು ಇಸ್ಕಾಕ್ ತಾತ. ಎಲ್ಲರೂ ನಕ್ಕರು. ಆಮೇಲೆ ತಾತನೇ ದಾರಿ ಹೇಳಿದರು: ಮಕ್ಕಳು ಆಡುವ ಕುರಿಮೂಳೆಗೆ ಮನೆಮನೆಯ ಗುರುತು ಹಾಕಿ, ಒಂದೊಂದಾಗಿ ಎತ್ತುವುದು, ಎತ್ತಿದ ಕ್ರಮದಲ್ಲೇ ನೀರು. ಕಿದಿರಾಲಿ ತನ್ನ ಉಣ್ಣೆಯ ಟೋಪಿಯನ್ನೇ ತೆಗೆದು ಮೂಳೆ ಹಾಕಲು ಹಿಡಿದ.

ಬುರುಲ್ಚಾಳ ಮೂಳೆ ಬಂದದ್ದು ಕೊನೆಕೊನೆಗೆ. ಸರದಿಗೆ ಕಾಯುವಷ್ಟರಲ್ಲಿ ಬಿಸಿಲಿಗೆ ಅವಳ ಬೀನ್ಸ್ ಎಲೆಗಳು ಜೋತುಬಿದ್ದವು. ಕಿದಿರಾಲಿ ಬೇಲಿಯ ಹತ್ತಿರ ಕುದುರೆ ನಿಲ್ಲಿಸಿದ.

"ಅಕ್ಕಾ, ಗಿಡ ಬಾಡ್ತಿದೆ. ಇವತ್ತೇ ಬಿಡ್ಲಾ? ಯಾರಿಗೂ ಗೊತ್ತಾಗಲ್ಲ."

ಅವಳು ಬಾಗಿಲ ಹಿಂದೆ ಸರಿಯಲಿಲ್ಲ. ಅವನ ಮುಖವನ್ನೇ ನೋಡಿ, "ಬೇಡ ತಮ್ಮಾ, ನನ್ನ ಸರದಿ ಬರ್ಲಿ. ಇಳಿದು ಬಾ, ಚಹಾ ಕುಡಿ" ಎಂದಳು.

"ನೀರಿಗಾಗಿ ಚಹಾ ಕೊಟ್ಳು ಅಂತಾರೆ ಜನ!"

"ಇನ್ನು ಹಾಗನ್ನೋಕೆ ಆಗಲ್ಲ, ಬಾ."

ಅವನು ನಗುತ್ತ ಇಳಿದ. ಮೇಲಂಚಿನ ಒಂದೆರಡು ಸಾಲು ಒಣಗಿದವು. ಉಳಿದದ್ದಕ್ಕೆ ಅವಳ ಸರದಿಯ ದಿನ ನೀರು ಹರಿಯಿತು, ಗಿಡಗಳು ಕಾಯಿ ಕಚ್ಚಿದವು.