ಆ ಒಂಬತ್ತು ಮಿಲಿಮೀಟರ್

ನಮ್ಮ ಶಿವಾರಪಟ್ಟಣದಲ್ಲಿ ನಮ್ಮಣ್ಣನ ಬಗ್ಗೆ ಯಾರನ್ನು ಕೇಳಿದರೂ ಒಂದೇ ಮಾತು: "ಸ್ಕ್ಯಾನ್‌ನಲ್ಲಿ ಅಳತೆ ಜಾಸ್ತಿ ಬಂತು, ಆಪರೇಷನ್ ಮಾಡಿದ್ರು, ಕಾಲು ಉಳೀತು. ಮಷೀನ್ ಸುಳ್ಳು ಹೇಳಲ್ಲ." ನಾನು ಒಪ್ಪುವುದಿಲ್ಲ. ಆ ಅಳತೆ ತೆಗೆಯುವಾಗ ಪಕ್ಕದಲ್ಲಿ ಕೂತಿದ್ದವಳು ನಾನು. ಜಾಸ್ತಿ ಬರಲೇ ಇಲ್ಲ.

ಮೈಮೇಲೆ ದೇವರು ಬರುವುದು, ದೃಷ್ಟಿ ತಾಗುವುದು, ಇವುಗಳ ವಿರುದ್ಧ ಮಾತಾಡಿಯೇ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು. ಈಗಲೂ ಅವನ್ನು ನಂಬುವುದಿಲ್ಲ. ಅದಕ್ಕೇ ಇದನ್ನು ಬರೆಯುವುದು ಕಷ್ಟ.

ಅಣ್ಣ ಕಲ್ಲಿನ ವಿಗ್ರಹ ಕೆತ್ತುವವನು. ವರ್ಷಗಟ್ಟಲೆ ನೆಲದ ಮೇಲೆ ಬಗ್ಗಿ ಕೂತವನ ಬೆನ್ನಿನ ಡಿಸ್ಕ್ ಜಾರಿ ನರ ಒತ್ತುತ್ತಿತ್ತು. ಮಾಲೂರಿನ ಸ್ಕ್ಯಾನ್ ರಿಪೋರ್ಟಿನಲ್ಲಿ ಐದು ಮಿಲಿಮೀಟರ್ ಹೊರಬಂದಿದೆ ಎಂದಿತ್ತು. ಆಮೇಲೆ ಎಡಗಾಲು ಮರಗಟ್ಟತೊಡಗಿತು. ಕೋಲಾರದ ಸರ್ಜನ್ ಹೊಸ ಸ್ಕ್ಯಾನ್ ಬರೆದುಕೊಟ್ಟರು. ಜಾಸ್ತಿಯಾಗಿದ್ದರೆ ಕೂಡಲೇ ಆಪರೇಷನ್. ಇಲ್ಲದಿದ್ದರೆ ಕಾಯೋಣ, ಕೊಯ್ದರೂ ಕಾಲು ಹೋಗುವ ಭಯ ಇದ್ದೇ ಇದೆ ಎಂದರು.

ನಮ್ಮ ಕೆತ್ತನೆ ಶೆಡ್ಡಿನಲ್ಲಿ ಒಂದು ಕಟ್ಟಳೆಯಿದೆ: ಒಂದು ವಿಗ್ರಹಕ್ಕೆ ಒಬ್ಬರದೇ ಅಳತೆ. ಎಲ್ಲಿಂದ ಗುರುತು ಹಿಡಿಯುತ್ತೇವೆಂಬುದು ಕೈಯಿಂದ ಕೈಗೆ ಬದಲಾಗುತ್ತದೆ. ಸ್ಕ್ಯಾನಿನಲ್ಲಿ ಮೂಳೆಯ ಹಿಂದಂಚಿಗೆ ಗೆರೆ ಎಳೆದು ಡಿಸ್ಕಿನ ತುದಿಯವರೆಗೆ ಅಳೆಯುವವರೂ ಮನುಷ್ಯರೇ ತಾನೆ? ಎರಡೂ ಸ್ಕ್ಯಾನನ್ನು ನೀವೇ ಅಳೆಯಿರಿ, ಯಾವುದು ಹಳೆಯದೆಂದು ತಿಳಿಯದ ಹಾಗೆ ಅಳೆಯಿರಿ ಎಂದು ಹೊಸ ಸ್ಕ್ಯಾನ್ ತೆಗೆದ ಸೆಂಟರಿನ ಡಾಕ್ಟರಮ್ಮನ ಮುಂದೆ ಹಟ ಹಿಡಿದೆ.

"ಲಾ ಓದ್ತಿದ್ದೀಯೇನಮ್ಮಾ?"

"ಇಲ್ಲ ಮೇಡಂ. ನಮ್ಮಣ್ಣನ ಕಾಲು. ಅದಕ್ಕೇ ವಾದ ಮಾಡ್ತಿದ್ದೀನಿ."

ಸಾಕಾಗಿ ಒಪ್ಪಿದರು. ಪರದೆಯ ಮೂಲೆಯ ತಾರೀಖಿಗೆ ಕಾಗದ ಅಂಟಿಸಿ, ನನಗೆ ತೋಚಿದ ಹಾಗೆ ಚಿತ್ರ ಬದಲಿಸತೊಡಗಿದೆ. ಬಾಗಿಲು ಹಾಕಿತ್ತು. ಅಣ್ಣ, ಅತ್ತಿಗೆ ಹೊರಗೆ ಬೆಂಚಿನ ಮೇಲಿದ್ದರು.

ಮೊದಲು ಹಳೆಯದು. ಆರು ಬಂತು. ಮಾಲೂರಿನ ಐದು ಇವರ ಕೈಯಲ್ಲಿ ಆರಾಯಿತು, ನಾನು ಹೇಳಿದ್ದೂ ಅದೇ. ಆಮೇಲೆ ಹೊಸದು. ಡಾಕ್ಟರಮ್ಮ ಡಿಸ್ಕಿನ ತುದಿಗೆ ಗುರುತು ಇಟ್ಟರು, ಹೊರಗೆ ಅಣ್ಣ ಕಿರುಚಿದ. ಅಳತೆ ಆರೇ. ನೋವು ಬಿಟ್ಟು ಬಿಟ್ಟು ಬರುತ್ತದೆ, ಕಾಕತಾಳೀಯ ಎಂದುಕೊಂಡೆ. ಮತ್ತೆ ಹಳೆಯದು ಹಾಕಿದೆ, ಸದ್ದಿಲ್ಲ. ಬೇಕೆಂದೇ ಇನ್ನೊಮ್ಮೆ ಹಳೆಯದನ್ನೇ ಹಾಕಿದೆ, ಸದ್ದಿಲ್ಲ. ಹೊಸದು ಹಾಕಿದೆ. ಗುರುತು ತುದಿ ಮುಟ್ಟಿದೊಡನೆ ಅದೇ ಚೀರಾಟ. ಡಾಕ್ಟರಮ್ಮ ಮೌಸ್ ಬಿಟ್ಟು ಬಾಗಿಲ ಕಡೆ ತಿರುಗಿದರು. ಅಳತೆ ಮಾತ್ರ ಆರರ ಆಸುಪಾಸಿನಲ್ಲೇ.

ಹೊರಗೆ ಓಡಿದೆ. ಅಣ್ಣ ಬೆಂಚು ಹಿಡಿದು ಬೆವರುತ್ತಿದ್ದ.

"ಸೊಂಟದೊಳಗೆ ಯಾರೋ ಉಳಿ ಇಟ್ಟಂಗಾಯ್ತು ಕಣೇ. ಇಟ್ರು, ತೆಗೆದ್ರು. ಏನ್ ಮಾಡ್ತಿದ್ದೀರೇ ಒಳಗೆ?"

"ಬರೀ ಫೋಟೋ ನೋಡ್ತಿದ್ದೀವಿ ಕಣೋ."

"ದೇವುಡಾ! ನೋಡಿದ್ದು ಸಾಕು ಬಿಡಮ್ಮಾ," ಎಂದು ಅತ್ತಿಗೆ ನನಗೆ ಕೈಮುಗಿದರು. "ನಿನ್ ವಾದದಲ್ಲಿ ಇವರ ಪ್ರಾಣ ಹೋಗ್ತದೆ."

ನಾನೇನು ಮಾಡಬೇಕಿತ್ತು, ನೀವೇ ಹೇಳಿ. ಅಳತೆ ನಂಬಿದರೆ ಕಾಯಬೇಕು. ಆ ಚೀರಾಟ ನಂಬಿದರೆ ಕೊಯ್ಯಿಸಬೇಕು. ಫೋಟೋ ಮುಟ್ಟಿದರೆ ನಮ್ಮಣ್ಣನಿಗೆ ನೋಯುತ್ತದೆ ಎಂದು ಸರ್ಜನ್ ಮುಂದೆ ಯಾವ ಬಾಯಲ್ಲಿ ಹೇಳುವುದು? ಗೋಡೆಗೆ ಹಣೆಯಿಟ್ಟು ನಿಂತುಬಿಟ್ಟೆ. ಡಾಕ್ಟರಮ್ಮ ಹೊರಬಂದು, ನನ್ನ ಮುಖ ನೋಡದೆ ರಿಪೋರ್ಟಿನ ಅಂಟಿಸಿದ ಕವರ್ ಕೊಟ್ಟು ಹೋದರು.

ಸರ್ಜನ್ ಅದನ್ನು ಬಿಚ್ಚಿ ಓದಿದರು: "ಒಂಬತ್ತು. ಜಾಸ್ತಿಯಾಗಿದೆ. ನಾಳೆ ಬೆಳಿಗ್ಗೆಯೇ ಮಾಡಿಬಿಡೋಣ."

ಆರೆಂದು ತಿದ್ದದೆ ತಲೆಯಾಡಿಸಿದೆ. ಬೆನ್ನು ತೆರೆದಾಗ ಡಿಸ್ಕಿನ ತುಂಡೊಂದು ಮುರಿದು ನರಕ್ಕೆ ಕಚ್ಚಿಕೊಂಡಿತ್ತಂತೆ. ತಡಮಾಡಿದ್ದರೆ ಕಾಲು ಇರುತ್ತಿರಲಿಲ್ಲವಂತೆ. ಅಣ್ಣ ಈಗ ಕಾಲೆಳೆದುಕೊಂಡಾದರೂ ನಡೆಯುತ್ತಾನೆ.

ಬೇರೆ ಪದರದ ಚಿತ್ರದಲ್ಲಿ ಅಳೆದಿರಬಹುದು ಎಂದು ನನ್ನೊಡನೆ ನಾನೇ ವಾದ ಹೂಡಿದೆ. ಸ್ಕ್ಯಾನಿನ ಸಿ.ಡಿ. ಒಯ್ದು ಇನ್ನೊಬ್ಬ ಡಾಕ್ಟರಿಂದ ಪದರ ಪದರವಾಗಿ ನೋಡಿಸಿದೆ. ಮುರಿದ ತುಂಡೂ ಕಾಣಲಿಲ್ಲ, ಒಂಬತ್ತೂ ಸಿಗಲಿಲ್ಲ. ಕೊನೆಗೆ ಡಾಕ್ಟರಮ್ಮನ ಹತ್ತಿರವೇ ಹೋದೆ. ಗುರುತು ಹಿಡಿದರು, ಕೂರಲು ಹೇಳಿದರು, ಅಣ್ಣನ ಕಾಲು ಹೇಗಿದೆ ಎಂದು ಕೇಳಿದರು. ನಾನು ಕೂರಲಿಲ್ಲ.

"ಮೇಡಂ, ಆ ಒಂಬತ್ತನ್ನ ನೀವು ಎಲ್ಲಿ ಅಳೆದ್ರಿ?"