ಬೋರಲು ಹಾಕದ ಲೋಟ

ದೊಡ್ಡಾಕೆಗೂ ಚಿಕ್ಕಾಕೆಗೂ ಮಾತು ನಿಂತು ವರ್ಷಗಳೇ ಆಗಿದ್ದವು. ಅಣ್ಣತಮ್ಮಂದಿರ ಕೈಹಿಡಿದ ಓರಗಿತ್ತಿಯರು, ಒಂದೇ ಸೂರು, ಒಂದೇ ಒಲೆ. ಜಗಳ ಯಾವುದಕ್ಕೆ ಹುಟ್ಟಿತು ಎಂದು ಕೇಳಿದರೆ ಒಬ್ಬೊಬ್ಬಳು ಒಂದೊಂದು ಕಾರಣ ಹೇಳುವಳು. ಮಾತಿಲ್ಲದ ಮನೆಯಲ್ಲಿ ಅಡುಗೆಗೆ ಎರಡು ಸಲ ಉಪ್ಪು ಬೀಳಬಾರದಲ್ಲ, ಅದಕ್ಕೊಂದು ಉಪಾಯ ತಾನಾಗಿ ಹುಟ್ಟಿಕೊಂಡಿತ್ತು: ಉಪ್ಪು ಹಾಕಿದವಳು ಚಮಚವನ್ನು ಬೋರಲು ಇಟ್ಟು ಹೋಗುವುದು.

ಹೊಟ್ಟೆಪಾಡು ಇಬ್ಬರನ್ನೂ ಒಂದೇ ಕೋಣೆಗೆ ತಂದು ಹಾಕಿತ್ತು. ಔಷಧ ಪರೀಕ್ಷೆ ಮಾಡುವ ಕಟ್ಟಡದಲ್ಲಿ ಬಿಳಿ ಇಲಿಗಳ ಕೋಣೆ. ದೊಡ್ಡಾಕೆಗೆ ಬೆಳಗಿನ ಪಾಳಿ, ಚಿಕ್ಕಾಕೆಗೆ ಮಧ್ಯಾಹ್ನದ್ದು. ಬೋನು ತೊಳೆಯಬೇಕು, ಮರದ ಹೊಟ್ಟು ಹಾಸಬೇಕು, ನೀರಿನ ಬಾಟಲಿ ತುಂಬಬೇಕು. ಒಂದು ಸಾಲಿನ ಇಲಿಗಳಿಗೆ ಬರೀ ನೀರು. ಇನ್ನೊಂದು ಸಾಲಿಗೆ ಚಹಾ ಎಲೆಯಿಂದ ತೆಗೆದ ಕಹಿ ಸತ್ವವನ್ನು ದಿನಕ್ಕೊಮ್ಮೆ ಪುಟ್ಟ ಗಾಜಿನ ಲೋಟದಲ್ಲಿ ಅಳೆದು ಬೆರೆಸಬೇಕು. ಸತ್ವ ಕೆಲವು ದಿನ ಬೇಗ ಬರುತ್ತಿತ್ತು, ಕೆಲವು ದಿನ ತಡವಾಗಿ. ಆ ಹೊತ್ತಿಗೆ ಯಾರಿರುತ್ತಾರೋ ಅವರೇ ಬೆರೆಸುವುದು. ಬೆರೆಸಿದವಳು ಲೋಟ ಬೋರಲು ಹಾಕುವಳು. ಮನೆಯ ಚಮಚವೇ ಇಲ್ಲಿ ಲೋಟವಾಗಿತ್ತು.

ಆ ಇಲಿಗಳನ್ನು ಪರೀಕ್ಷೆ ನಡೆಸುವ ಮೇಡಂ ಚೌಕ ಬರೆದ ಹಲಗೆಯ ಮೇಲೆ ಬಿಟ್ಟು ನೋಡುತ್ತಿದ್ದರು. ಸತ್ವ ಹಿತಮಿತವಾಗಿ ಕುಡಿದವು ಚುರುಕಾಗಿ ಹಲಗೆಯ ನಡುವಿನವರೆಗೂ ಓಡಾಡುತ್ತಿದ್ದವು. ದೊಡ್ಡಾಕೆಗೆ ಅದನ್ನು ಕಂಡರೆ ಮೈಯುರಿ. "ಕುಣೀರಿ, ನಿಮಗೇನು, ನಿಮ್ಮನೇಲಿ ಓರಗಿತ್ತಿ ಇಲ್ವಲ್ಲ," ಎಂದು ಗೊಣಗುವಳು.

ಅವಳ ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಈ ಕೆಲಸ ಹೋದರೆ ಗಂಡ ಹೆಂಡತಿ ಇಬ್ಬರ ಹೊಟ್ಟೆಗೂ ತಣ್ಣೀರು ಬಟ್ಟೆಯೇ. ಹೀಗಿರುವಾಗ ಒಂದು ಸಂಜೆ ಚಿಕ್ಕಾಕೆ ಹೊಸ ಸ್ಟೌ ತಂದು ನಡುಮನೆಯಲ್ಲಿ ಹೂಡಿದಳು. ಒಲೆ ಬೇರೆಯಾಯಿತು.

ಮಾರನೆಯ ದಿನ ದೊಡ್ಡಾಕೆ ಸತ್ವ ಬೆರೆಸಿ ಲೋಟಕ್ಕೆ ಕೈ ಹಾಕಿದವಳು ಹಾಗೇ ನಿಂತಳು. ಒಲೆ ಬೇರೆ ಮಾಡ್ಕೊಂಡ ಮಹಾರಾಯ್ತಿಗೆ ನಾನ್ಯಾಕೆ ಬೋರಲು ಹಾಕ್ಲಿ? ಲೋಟವನ್ನು ನೆಟ್ಟಗೇ ಬಿಟ್ಟು ಸೆರಗು ಕೊಡವಿಕೊಂಡು ಹೊರಟಳು.

ಮರುದಿನ ಬೆಳಗ್ಗೆ ಬೋನುಗಳಲ್ಲಿ ಸತ್ವ ಕುಡಿದ ಇಲಿಗಳು ಮೂಲೆಗೆ ಮೈ ಅಂಟಿಸಿಕೊಂಡಿದ್ದವು. ಹಲಗೆಯ ಮೇಲೆ ಬಿಟ್ಟರೆ ಅಂಚು ಹಿಡಿದೇ ಸುತ್ತುವವು, ನಡುವಿಗೆ ಬರಲೊಲ್ಲವು. ಬಕೆಟ್ಟಿನ ಸದ್ದಿಗೆ ಎಗರಿ ಬೀಳುವವು. ಒಂದಂತೂ ಓಡಲೂ ಆರದೆ ಕೂರಲೂ ಆರದೆ, ಕಿವಿ ನಿಮಿರಿಸಿ ನಡುಗುತ್ತಿತ್ತು. ಆ ಕಿವಿ ನೋಡಿ ದೊಡ್ಡಾಕೆಗೆ ತನ್ನ ಅಡುಗೆಮನೆ ನೆನಪಾಯಿತು. ಅತ್ತ ಪಾತ್ರೆ ಸದ್ದಾದರೆ ಇತ್ತ ತಾನೂ ಹೀಗೇ ಕಿವಿಗೊಟ್ಟು ಕೂರುವುದು.

ಸತ್ವದ ಸೀಸೆಯಲ್ಲಿ ಒಂದು ಅಳತೆ ಕಡಿಮೆಯಿದ್ದುದನ್ನು ಕಂಡು ಮೇಡಂ ಇಬ್ಬರನ್ನೂ ಕರೆಸಿದರು. "ಸತ್ವ ಎರಡು ಸಲ ಹೇಗೆ ಬಿತ್ತು?"

"ಲೋಟ ನೆಟ್ಟಗಿತ್ತು, ನಾನೂ ಬೆರೆಸಿದೆ," ಎಂದಳು ಚಿಕ್ಕಾಕೆ.

"ನೆಟ್ಟಗಿದ್ರೆ ಏನೀಗ? ಲೋಟ ಇರೋದೇ ಹಾಗಲ್ವಾ?"

ಮನೆಯ ಹೂರಣ ಬಯಲಿಗೆ ಬಾರದೆ ಗತಿಯಿರಲಿಲ್ಲ. ಚಿಕ್ಕಾಕೆಯೇ ಉಪ್ಪಿನ ಚಮಚದಿಂದ ಶುರುಮಾಡಿ ಎಲ್ಲ ಹೇಳಿದಳು. ಕೊನೆಗೆ, "ಬೇಕಂತಲೇ ನೆಟ್ಟಗಿಟ್ಟಿದಾಳೆ, ನನ್ನ ಕೆಲಸ ಕಳೀಲಿ ಅಂತ," ಎಂದು ಸೇರಿಸಿದಳು.

"ಹೌದಾ?" ಎಂದರು ಮೇಡಂ.

"ಬೇಕಂತಲೇ ಇಟ್ಟೆ," ಎಂದಳು ದೊಡ್ಡಾಕೆ. "ಕೆಲಸ ಕಳೀಲಿ ಅಂತಲ್ಲ. ಇವಳ ಮೇಲಿನ ಸಿಟ್ಟಿಗೆ ಇಲಿಗಳು ನೆನಪಾಗ್ಲಿಲ್ಲ."

ಮೇಡಂ ಹಣೆ ಒತ್ತಿಕೊಂಡರು. "ಇವತ್ತಿಂದ ಪಾಳಿ ಬದಲಾಗೋವಾಗ ಎದುರುಬದುರು ನಿಂತು ಬಾಯಿಬಿಟ್ಟು ಹೇಳ್ಬೇಕು. ಆಗಲ್ಲ ಅಂದ್ರೆ ಇಬ್ರೂ ಹೊರಗೆ."

ಮಧ್ಯಾಹ್ನ ಮೇಡಂ ಬಾಗಿಲಲ್ಲೇ ನಿಂತರು. ಚಿಕ್ಕಾಕೆ ಸೊಂಟಕ್ಕೆ ಕೈಕೊಟ್ಟು ಕಾದಳು. ದೊಡ್ಡಾಕೆ ಹಾಸಿಗೆಯಲ್ಲಿದ್ದ ಗಂಡನನ್ನು ನೆನೆದು, "ಬೆರೆಸಿದೀನಿ," ಎಂದು ಗೋಡೆಗೆ ಹೇಳಿದಳು.

"ಗೋಡೆ ನಮ್ಮಲ್ಲಿ ಕೆಲಸಕ್ಕಿಲ್ಲ," ಎಂದರು ಮೇಡಂ.

ದೊಡ್ಡಾಕೆ ತಿರುಗಿದಳು. "ಬೆರೆಸಿದೀನಿ ಕಣೇ, ಮನೆಮುರುಕಿ."

"ಕೇಳಿಸ್ತು ಅಕ್ಕ. ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದು ಈ ಒಂದು ಮಾತು ಕೂಡಿಡೋಕಾ?"

"ಇನ್ನೂ ಬೇಕಾದಷ್ಟಿವೆ. ದಿನಕ್ಕೊಂದು ಕೊಡ್ತೀನಿ, ಇಸ್ಕೋ."

ಎಂದವಳೇ ಲೋಟವನ್ನು ಟಣ್ಣೆಂದು ಬೋರಲು ಬಡಿದಳು. ಬೋನುಗಳಲ್ಲಿ ಇಲಿಗಳೆಲ್ಲ ಒಟ್ಟಿಗೇ ಮೂಲೆಗೆ ಓಡಿದವು.