ಬಾಗಿದ ಸೂರಿನ ಸಮರ್ಥನೆ

ಗೆಳೆಯರೇ, ನಮ್ಮ ಸ್ನಾತಕೋತ್ತರ ವಾಸ್ತುಶಿಲ್ಪ ತರಗತಿಯ ವಿನ್ಯಾಸಗಳ ಪರೀಕ್ಷೆ ಇವತ್ತು ಹಳೇಬೀಡಿನ ಗುಡಿಯೆದುರೇ ನಡೆಯಿತು. ನನ್ನದು ಪ್ರವಾಸಿ ಮಂದಿರದ ರಟ್ಟಿನ ಮಾದರಿ. ಅರಸೀಕೆರೆಯಿಂದ ಬರುವ ಬಸ್ಸಿನಲ್ಲಿ ವ್ಯಾಪಾರಿಯೊಬ್ಬರು "ಇಲ್ಲೇ ಜಾಗ ಐತಲ್ಲ ಸ್ವಾಮಿ" ಎಂದು ಅದರ ಮೇಲೆ ಕೊಬ್ಬರಿ ಮೂಟೆ ಇಟ್ಟರು. ಚಪ್ಪಟೆ ಸೂರು ನಡುವೆ ಕುಸಿಯಿತು.

"ಏನಯ್ಯ, ಸೂರು ಬಾಗಿದೆ?" ಎಂದರು ಪರೀಕ್ಷೆ ಮಾಡುತ್ತಿದ್ದ ಪೇಟದ ಮೇಷ್ಟ್ರು.

"ಈ ಗುಡಿ ಮುಂದೆ ಯಾವ ಕಟ್ಟಡವೂ ಸೆಟೆದು ನಿಲ್ಲಬಾರದು ಸಾರ್. ಅದೇ ನನ್ನ ನಿಲುವು."

"ಮಳೆನೀರು ಅಲ್ಲೇ ನಿಲ್ಲುತ್ತಲ್ಲಯ್ಯ?"

"ನಿಲ್ಲಲಿ ಸಾರ್. ಗುಡಿ ಅದರಲ್ಲೂ ಕಾಣಿಸುತ್ತೆ."

ಮೇಷ್ಟ್ರು ತಲೆದೂಗಿ, ಪಕ್ಕದಲ್ಲಿದ್ದ ಸಹಪಾಠಿ ನಂಜುಂಡನ ಕಡೆ ತಿರುಗಿದರು. "ನಿಂದ್ಯಾಕಯ್ಯ ಇಷ್ಟು ನೆಟ್ಟಗಿದೆ? ತಿದ್ದಿಕೊಂಡು ಬಾ."

ಹಿಂತಿರುಗುವ ಬಸ್ಸಿನಲ್ಲಿ ನಂಜುಂಡ ತನ್ನ ಮಾದರಿಯನ್ನು ಕಾಲ ಬಳಿ ಇಟ್ಟುಕೊಂಡು, ಮೂಟೆ ಹೊತ್ತು ಹತ್ತಿದವರನ್ನೆಲ್ಲ "ಇಲ್ಲೇ ಜಾಗ ಇದೆ, ಇಡಿ ಸ್ವಾಮಿ" ಎಂದು ಕರೆಯುತ್ತಿದ್ದ.